ಸಿನಿಮಾದಲ್ಲಿ ಕಾಣಿಸಿದ ನಟರ ಹೆಸರು ಟೈಟಲ್ ಕಾರ್ಡ್‌ನಲ್ಲಿ ಯಾಕೆ ಇರಲ್ಲ?

ಪ್ರಶ್ನೆ: ಕೆಲವು ಸಿನಿಮಾಗಳಲ್ಲಿ ಹೆಸರಾಂತ ನಟರು ಬಂದು ಹೋಗುತ್ತಾರೆ. ಆದರೆ ಟೈಟಲ್ ಕಾರ್ಡ್‌ನಲ್ಲಿ ಎಷ್ಟು ಹುಡುಕಿದರೂ ಅವರ ಹೆಸರು ಸಿಗುವುದಿಲ್ಲ. ನಟಿಸಿದವರ ಹೆಸರು ಹಾಕಲೇಬೇಕು ಅಂತ ನಿಯಮ ಇಲ್ವಾ?

ಉತ್ತರ: ಎಲ್ಲರ ಹೆಸರನ್ನೂ ಹಾಕಲೇಬೇಕು ಅಂತೇನೂ ಇಲ್ಲ. ಇದು ಒಪ್ಪಂದಕ್ಕೆ ಸೇರಿದ ವಿಷಯ. ಸಂಭಾವನೆ ಎಷ್ಟು ಅಂತ ಬರೆಯುವ ಕಾಗದದಲ್ಲೇ ಹೆಸರು ಯಾರ ನಂತರ ಬರಬೇಕು, ಎಷ್ಟು ದೊಡ್ಡ ಅಕ್ಷರದಲ್ಲಿ ಬರಬೇಕು ಅನ್ನುವುದನ್ನೂ ಬರೆಯುತ್ತಾರೆ. ಹೆಸರು ಬೇಡ ಅಂತಲೂ ಬರೆಯಬಹುದು. ಹಾಲಿವುಡ್‌ನಲ್ಲಿ ಕಲಾವಿದರ ಸಂಘದ ಒಪ್ಪಂದ ಮಾತಿರುವ ಪಾತ್ರಗಳ ಬೆನ್ನಿಗಿದೆ. ಗುಂಪಿನಲ್ಲಿ ನಡೆದು ಹೋಗುವ ಜೂನಿಯರ್ ಆರ್ಟಿಸ್ಟ್‌ಗಳಿಗೆ ಆ ರಕ್ಷಣೆ ಇಲ್ಲ. ಹೆಸರಿಲ್ಲದೆ ತೆರೆ ಮೇಲೆ ಕಾಣಿಸಿಕೊಂಡವರಲ್ಲಿ ಇವರೇ ಜಾಸ್ತಿ. ಅವರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ ಅನ್ನುವುದು ಬೇಸರದ ಸಂಗತಿ.

ದೊಡ್ಡ ನಟರ ವಿಷಯ ಬೇರೆ. ಅಲ್ಲಿ ಹೆಸರು ಬಿಡುವುದು ಹೆಚ್ಚಾಗಿ ಬೇಕಂತಲೇ. 1995ರ 'ಸೆವೆನ್' ಚಿತ್ರ ನೋಡಿ. ಕೊಲೆಗಾರನ ಪಾತ್ರ ಮಾಡಿದ ಕೆವಿನ್ ಸ್ಪೇಸಿ ಹೆಸರು ಶುರುವಿನ ಟೈಟಲ್‌ನಲ್ಲಿ ಇಲ್ಲ. ಇದ್ದಿದ್ದರೆ ಏನಾಗುತ್ತಿತ್ತು? ಅರ್ಧ ಸಿನಿಮಾ ಮುಗಿದರೂ ಆ ನಟ ಬಂದಿಲ್ಲ ಅಂದಮೇಲೆ ಕೊಲೆಗಾರ ಅವನೇ ಅಂತ ಪ್ರೇಕ್ಷಕರು ಲೆಕ್ಕ ಹಾಕಿಬಿಡುತ್ತಿದ್ದರು. ಹಾಗಾಗಿ ಅವರ ಹೆಸರನ್ನು ಕೊನೆಗೆ ಇಟ್ಟರು, ಅಲ್ಲಿ ಮೊದಲು ಬರುವುದೇ ಅದು. 1982ರ 'ಟೂಟ್ಸಿ'ಯಲ್ಲಿ ಬಿಲ್ ಮರ್ರಿ ಹೆಸರನ್ನೂ ಶುರುವಿನಲ್ಲಿ ಹಾಕಲಿಲ್ಲ. ಜನ ಅವರ ಎಂದಿನ ಕಾಮಿಡಿ ನಿರೀಕ್ಷಿಸಿ ಬರಬಾರದು ಅನ್ನುವುದು ಕಾರಣ.

ಇನ್ನು ಕೆಲವರು ಪ್ರೀತಿಗೆ, ಸುಮ್ನೆ ಖುಷಿಗೆ ಬಂದು ಹೋಗುತ್ತಾರೆ. 2015ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ನಾಯಕಿಯನ್ನು ಕೂಡಿಹಾಕಿರುತ್ತಾರೆ. ಬಿಳಿ ಕವಚದ ಒಬ್ಬ ಸೈನಿಕ ಕಾವಲಿಗೆ ನಿಂತಿರುತ್ತಾನೆ. ಅವಳು ಮನಸ್ಸಿನ ಬಲದಿಂದ ಆಜ್ಞೆ ಮಾಡುತ್ತಾಳೆ. ಮೊದಲು ಅವನು ಜಗ್ಗುವುದಿಲ್ಲ. ಆಮೇಲೆ ಅವಳ ಮಾತನ್ನೇ ತಿರುಗಿ ಹೇಳುತ್ತಾ ಕಟ್ಟು ಬಿಚ್ಚಿ, ಬಂದೂಕನ್ನೂ ಬೀಳಿಸಿ ಹೊರಡುತ್ತಾನೆ. ಆ ಹೆಲ್ಮೆಟ್ ಒಳಗಿದ್ದವರು ಡೇನಿಯಲ್ ಕ್ರೇಗ್. ಮುಖವೂ ಇಲ್ಲ, ಹೆಸರೂ ಇಲ್ಲ. 2007ರ 'ಹಾಟ್ ಫಜ್'ನಲ್ಲಿ ಕೇಟ್ ಬ್ಲಾಂಚೆಟ್ ಮುಖಕ್ಕೆ ಮಾಸ್ಕ್ ಹಾಕಿ ಹೀಗೇ ಬಂದು ಹೋದರು.

ಅಕ್ಷರದ ಜಾಗಕ್ಕಾಗಿ ನಡೆಯುವ ಹಗ್ಗಜಗ್ಗಾಟವೂ ಇದೆ. 1993ರ 'ದಿ ಫರ್ಮ್' ಪೋಸ್ಟರ್‌ನಲ್ಲಿ ಸಿನಿಮಾ ಹೆಸರಿನ ಮೇಲೆ ಟಾಮ್ ಕ್ರೂಸ್ ಒಬ್ಬರ ಹೆಸರೇ ಇರಬೇಕು ಅಂತ ಒಪ್ಪಂದವಾಗಿತ್ತು. ತನಗೂ ಅದೇ ಜಾಗ ಬೇಕು ಅಂದ ಜೀನ್ ಹ್ಯಾಕ್‌ಮನ್, ಅದು ಸಿಗದಿದ್ದಾಗ ಪೋಸ್ಟರ್‌ನಿಂದ ತನ್ನ ಹೆಸರನ್ನೇ ತೆಗೆಸಿದರು. ಸಿನಿಮಾದ ಟೈಟಲ್‌ನಲ್ಲಿ ಮಾತ್ರ ಅವರ ಹೆಸರಿದೆ.

ಇವೆಲ್ಲ ನಟರೇ ಆರಿಸಿಕೊಂಡಿದ್ದು. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ, ದನಿ ಕೊಟ್ಟವರ ಹತ್ತಿರ.

1973ರ 'ದಿ ಎಕ್ಸಾರ್ಸಿಸ್ಟ್'ನಲ್ಲಿ ಹುಡುಗಿಯ ಮೈಮೇಲೆ ಬಂದ ದೆವ್ವದ ಆ ಗೊಗ್ಗರು ದನಿ ಮರ್ಸಿಡಿಸ್ ಮೆಕೇಂಬ್ರಿಜ್ ಅವರದು. ಆಸ್ಕರ್ ಗೆದ್ದಿದ್ದ ನಟಿ. ಆ ದನಿಗಾಗಿ ಹಸಿ ಮೊಟ್ಟೆ ನುಂಗಿದರು, ಸಿಗರೇಟು ಸೇದಿದರು, ಕುರ್ಚಿಗೆ ಕಟ್ಟಿಸಿಕೊಂಡು ಡಬ್ಬಿಂಗ್ ಮಾಡಿದರು. ಬಿಡುಗಡೆಯಾದ ಪ್ರಿಂಟ್‌ಗಳಲ್ಲಿ ಅವರ ಹೆಸರೇ ಇರಲಿಲ್ಲ. ಅವರು ಸುಮ್ಮನಿರಲಿಲ್ಲ. ಬಹಿರಂಗವಾಗಿ ಪ್ರತಿಭಟಿಸಿದರು, ಸಂಘದ ನೆರವು ಪಡೆದರು. ಕೊನೆಗೆ ಹೆಸರು ಸೇರಿತು. ಅವರು ಕೇಳಿದ್ದು ನೂರಕ್ಕೆ ನೂರು ಸರಿ ಅನ್ನುವುದು ನನ್ನ ಅಭಿಪ್ರಾಯ. ಆ ಪಾತ್ರದಲ್ಲಿ ನಮ್ಮನ್ನು ನಡುಗಿಸುವುದರಲ್ಲಿ ದನಿಯ ಪಾಲು ದೊಡ್ಡದು.

ಇದೇ ಗಲಾಟೆ ನೋಡಿ ಇನ್ನೊಬ್ಬ ನಟ ಉಲ್ಟಾ ತೀರ್ಮಾನ ಮಾಡಿದರು. 1977ರ ಮೊದಲ 'ಸ್ಟಾರ್ ವಾರ್ಸ್'ನಲ್ಲಿ ಖಳನಾಯಕ ಡಾರ್ತ್ ವೇಡರ್‌ನ ಕಪ್ಪು ಉಡುಪಿನೊಳಗೆ ಇದ್ದವರು ಡೇವಿಡ್ ಪ್ರೌಸ್, ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಮೆಕೇಂಬ್ರಿಜ್ ಕೊಟ್ಟ ದನಿ ಸ್ಪೆಷಲ್ ಎಫೆಕ್ಟ್ ಇದ್ದ ಹಾಗೆ ಅಂತ ಆಗ ಅಂದುಕೊಂಡವರಲ್ಲಿ ಜೋನ್ಸ್ ಕೂಡ ಒಬ್ಬರು. ತನ್ನ ಸರದಿ ಬಂದಾಗಲೂ ಅದೇ ಮಾತಿಗೆ ನಿಂತು, ನನ್ನ ಹೆಸರು ಬೇಡ ಅಂದರು. ಟೈಟಲ್‌ನಲ್ಲಿ ವೇಡರ್ ಎದುರು ಪ್ರೌಸ್ ಹೆಸರು ಮಾತ್ರ ಇತ್ತು. ಜೋನ್ಸ್ ಹೆಸರು ಬಂದಿದ್ದು 1983ರಲ್ಲಿ, ಆ ಸರಣಿಯ ಮೂರನೇ ಚಿತ್ರಕ್ಕೆ.

ಸಿನಿಮಾದ ಶುರುವಿನ ಕಾಲದಲ್ಲಂತೂ ಯಾರ ಹೆಸರನ್ನೂ ಹಾಕುತ್ತಿರಲಿಲ್ಲ. ಹೆಸರಾದರೆ ಸಂಬಳ ಜಾಸ್ತಿ ಕೇಳುತ್ತಾರೆ ಅನ್ನುವ ಭಯವೂ ನಿರ್ಮಾಪಕರಿಗಿತ್ತು. ಅಮೆರಿಕದ ಜನ ಫ್ಲಾರೆನ್ಸ್ ಲಾರೆನ್ಸ್ ಅವರನ್ನು ಕಂಪನಿಯ ಹೆಸರಿನಿಂದ 'ಬಯೋಗ್ರಾಫ್ ಹುಡುಗಿ' ಅಂತಲೇ ಗುರುತಿಸುತ್ತಿದ್ದರು. ಅವರ ಸ್ವಂತ ಹೆಸರಿನಲ್ಲಿ ದೊಡ್ಡ ಪ್ರಚಾರ ಶುರುವಾಗಿದ್ದು 1910ರಲ್ಲಿ, ಅವರು ಬೇರೆ ಕಂಪನಿಗೆ ಹೋದ ಮೇಲೆ.

ನೀವು ನೋಡಿದ ಸಿನಿಮಾದಲ್ಲಿ ಯಾರದಾದರೂ ಹೆಸರು ಕಾಣದಿದ್ದರೆ ಶುರುವಿನ ಟೈಟಲ್, ಕೊನೆಯ ಟೈಟಲ್, ಪೋಸ್ಟರ್ ಮೂರನ್ನೂ ಬೇರೆಬೇರೆಯಾಗಿ ನೋಡಿ. ಎಷ್ಟೋ ಸಲ ಒಂದು ಕಡೆ ಬಿಟ್ಟ ಹೆಸರು ಇನ್ನೊಂದು ಕಡೆ ಇರುತ್ತದೆ.