ಥರ್ಮೋಪಿಲೆಯ ಬಿಸಿನೀರಿಗೆ ಒಲೆ ಎಲ್ಲಿದೆ?

ಬಿಸಿನೀರಿನ ಬುಗ್ಗೆ ಕಂಡ ಕೂಡಲೇ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಕೆಳಗೆ ಗಂಧಕ ಇದೆ, ಅದಕ್ಕೇ ನೀರು ಬಿಸಿ." ಕೊಳೆತ ಮೊಟ್ಟೆಯ ವಾಸನೆಯೂ ಮೂಗಿಗೆ ಬಡಿದರೆ ಮುಗಿಯಿತು, ಇನ್ನು ವಾದಕ್ಕೆ ಜಾಗವೇ ಇಲ್ಲ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗನ್ನುವವರನ್ನು ಒಮ್ಮೆ ಗ್ರೀಸಿನ ಥರ್ಮೋಪಿಲೆಗೆ ಕರೆದುಕೊಂಡು ಹೋಗಬೇಕು.

ಆ ಹೆಸರಿನ ಅರ್ಥವೇ "ಬಿಸಿ ಬಾಗಿಲುಗಳು". (ನಮ್ಮ ಪುತ್ತೂರಿನ ಹತ್ತಿರದ ಬೆಂದ್ರ್ ತೀರ್ಥದ ಹೆಸರೂ ಬಿಸಿನೀರಿನದೇ. ಜನ ಎಲ್ಲ ಕಡೆ ಕೈಗೆ ತಾಗಿದ್ದನ್ನೇ ಹೆಸರಿಡುತ್ತಾರೆ.) ಕ್ರಿ.ಪೂ. 480ರಲ್ಲಿ ಸ್ಪಾರ್ಟಾದ ದೊರೆ ಲಿಯೋನಿಡಾಸ್ ಪರ್ಷಿಯಾದ ದೊಡ್ಡ ಸೈನ್ಯಕ್ಕೆ ಅಡ್ಡ ನಿಂತದ್ದು ಇಲ್ಲೇ. ಅವನ 300 ಜನರ ಕಥೆ ಎಲ್ಲರಿಗೂ ಗೊತ್ತು. ಜೊತೆಯಲ್ಲಿ ನಿಂತ ಥೆಸ್ಪಿಯೆ ಊರಿನ 700 ಜನರನ್ನು ನೆನೆಯುವವರು ಕಡಿಮೆ. ಇರಲಿ. ಇವತ್ತು ಅಲ್ಲಿ 1955ರಲ್ಲಿ ಕಟ್ಟಿದ ಲಿಯೋನಿಡಾಸ್ ಸ್ಮಾರಕ ಇದೆ, ಎದುರಿಗೆ ಬಾಣದ ಮೊನೆಗಳು ಸಿಕ್ಕ ಕೊಲೊನೋಸ್ ದಿಬ್ಬ ಇದೆ. ಅಲ್ಲೇ ಹತ್ತಿರದಲ್ಲಿ ಹಬೆಯಾಡುವ ನೀರು ಹರಿಯುತ್ತದೆ. ಬಿಸಿ ಸುಮಾರು 40 ಡಿಗ್ರಿ. ಎಣ್ಣೆ ಸ್ನಾನಕ್ಕೆ ಹದವಾದ ನೀರು ಅನ್ನಿ.

ಈ ನೀರಿಗೆ ಒಲೆ ಯಾವುದು? ಗಂಧಕವಂತೂ ಅಲ್ಲ. ಗಂಧಕ ಸುಮ್ನೆ ಬಿದ್ದಿದ್ದರೆ ಬಿಸಿ ಕೊಡುವುದಿಲ್ಲ, ಉರಿಯಬೇಕು. ಉರಿಯಲು ಗಾಳಿ ಬೇಕು. ನೆಲದಾಳದಲ್ಲಿ ಎರಡೂವರೆ ಸಾವಿರ ವರ್ಷ ಊದುಕೊಳವೆ ಹಿಡಿದು ಕೂತವರು ಯಾರು? ವಾಸನೆಯೇ ಇಲ್ಲದ ಬಿಸಿ ಬುಗ್ಗೆಗಳಿವೆ. ಗಬ್ಬು ನಾರುವ ತಣ್ಣೀರಿನ ಬುಗ್ಗೆಗಳೂ ಇವೆ.

ಒಲೆ ಅಂದರೆ ಭೂಮಿಯೇ. ಕೆಳಗೆ ಇಳಿದಂತೆ ಬಿಸಿ ಏರುತ್ತದೆ, ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು 17 ಡಿಗ್ರಿ ಇತ್ತು ಅಂತಿಟ್ಟುಕೊಳ್ಳಿ. ಅದು 40 ಮುಟ್ಟಲು ಮುಕ್ಕಾಲು ಕಿಲೋಮೀಟರಾದರೂ ಇಳಿಯಬೇಕು. ದಾರಿಯಲ್ಲಿ ಬಿಸಿ ಸೋರಿಹೋಗುವುದರಿಂದ ನಿಜಕ್ಕೂ ಇನ್ನೂ ಜಾಸ್ತಿ.

ನನಗೆ ಇಷ್ಟವಾಗುವ ಭಾಗ ಮುಂದಿನದು. ಅಷ್ಟು ಕೆಳಗಿನಿಂದ ಬರುವಾಗ ನೀರು ತಣ್ಣಗಾಗಿಬಿಡಬೇಕಿತ್ತು, ಅಲ್ವಾ? ಆಗುವುದಿಲ್ಲ. ಇಳಿಯುವುದು ಕಾಫಿ ಫಿಲ್ಟರಿನ ಡಿಕಾಕ್ಷನ್ ಹಾಗೆ, ತೊಟ್ಟು ತೊಟ್ಟಾಗಿ, ಅಗಲಕ್ಕೆಲ್ಲ ಹರಡಿಕೊಂಡು. ಏರುವುದು ಜಾತ್ರೆಯ ಜನ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ, ಕಿರಿದಾದ ಬಿರುಕಿನಲ್ಲಿ ಸರಸರನೆ. ಮನೆಯ ಸೋಲಾರ್ ನಲ್ಲಿ ನೋಡಿ. ಮೊದಲ ಅರ್ಧ ಬಕೆಟ್ ತಣ್ಣೀರು, ಆಮೇಲೆ ಬಿಸಿ. ಪೈಪು ಬಿಸಿಯಾಗುವ ತನಕ ಅದೇ ಬಿಸಿಯನ್ನು ಕದಿಯುತ್ತದೆ. ಥರ್ಮೋಪಿಲೆಯ ಬಿರುಕು ಎಂದೋ ಬಿಸಿಯಾದ ಪೈಪು. ಅದರ ಗೋಡೆಗಳು ಈಗ ನೀರಿನಿಂದ ಹೆಚ್ಚೇನೂ ಕದಿಯುವುದಿಲ್ಲ.

ಬಿರುಕು ಬಂದದ್ದು ಎಲ್ಲಿಂದ? ಏಜಿಯನ್ ಕಡಲಿನ ಸುತ್ತಲ ನೆಲ ಹಿಗ್ಗುತ್ತಿದೆ. ನಾದದ ಕಣಕವನ್ನು ಎಳೆದರೆ ಏನಾಗುತ್ತದೆ? ಬಿರಿಯುತ್ತದೆ. ಇಲ್ಲಿ ಬಿರಿದ ಒಂದು ಕಡೆ ಕುಸಿದು ಕಣಿವೆಯೂ ಕೊಲ್ಲಿಯೂ ಆಯಿತು, ಇನ್ನೊಂದು ಕಡೆ ಕಡಿದಾದ ಕಲ್ಲಿಡ್ರೊಮೊ ಬೆಟ್ಟವಾಗಿ ನಿಂತಿತು. ಬೆಟ್ಟಕ್ಕೂ ಕಡಲಿಗೂ ನಡುವೆ ಉಳಿದ ಸಣ್ಣ ಪಟ್ಟಿಯೇ ಲಿಯೋನಿಡಾಸನ ಬಾಗಿಲು. ಅಂದರೆ ಹೆಸರಿನ ಬಿಸಿ, ಬಾಗಿಲು, ಎರಡೂ ಒಂದೇ ಬಿರುಕಿನ ಮಕ್ಕಳು!

ಹಳಬರಿಗೆ ಅಥೆನಾ ದೇವಿ ವೀರ ಹೆರಾಕ್ಲಿಸನಿಗಾಗಿ ಈ ನೀರು ಉಕ್ಕಿಸಿದಳು ಎಂಬ ಕಥೆ ಇತ್ತು. ಕಥೆ ಹೇಳಿಕೊಂಡು ಕೈಕಟ್ಟಿ ಕೂತವರೇನೂ ಅಲ್ಲ. ಫೋಕಿಸ್ ನಾಡಿನವರು ಶತ್ರುಗಳನ್ನು ತಡೆಯಲು ಬಿಸಿನೀರನ್ನೇ ದಾರಿಗೆ ತಿರುಗಿಸಿ ಕೊರಕಲು ಬೀಳಿಸಿದ್ದರು ಅಂತ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಸ್ಥಳೀಯರು ಬುಗ್ಗೆಗಳನ್ನು "ಗಡಿಗೆಗಳು" ಅನ್ನುತ್ತಿದ್ದರಂತೆ. ಆರೇಳು ಶತಮಾನದ ಮೇಲೆ ಬಂದ ಯಾತ್ರಿಕ ಪೌಸಾನಿಯಸ್, ತಾನು ಕಂಡ ನೀರಿನಲ್ಲೆಲ್ಲ ಅತಿ ನೀಲಿ ಇಲ್ಲಿನ ಈಜುಕೊಳದ್ದು ಅಂದ.

ಇವತ್ತು ಹೋದವರಿಗೆ ಆ ಇಕ್ಕಟ್ಟು ದಾರಿ ಕಾಣುವುದಿಲ್ಲ. ಸ್ಪರ್ಖಿಯೋಸ್ ನದಿ ತಂದ ಹೂಳು ಕಡಲನ್ನು ಹಲವು ಕಿಲೋಮೀಟರ್ ಆಚೆ ತಳ್ಳಿದೆ. ಬುಗ್ಗೆಯೂ ಸುಮ್ಮನಿರಲಿಲ್ಲ. ಸೋಡಾ ಬಾಟಲಿ ತೆರೆದಂತೆ ನೀರಿನೊಳಗಿನ ಅನಿಲ ಹೊರಗೆ ಹಾರುತ್ತದೆ, ಕರಗಿದ್ದ ಸುಣ್ಣ ಕಲ್ಲಾಗಿ ಕೂರುತ್ತದೆ, ಕಾಯಿಸುವ ಪಾತ್ರೆಯ ತಳದ ಬಿಳಿ ಪದರದ ಹಾಗೆ. ಸೈನಿಕರು ಕಾದಾಡಿದ ನೆಲ ಹಲವು ಮೀಟರ್ ಕೆಳಗೆ ಹೂತಿದೆ. ನೀರಿಗೆ ಇಳಿದವರು ಕಾಲಿಡುವುದು ಅದರ ಮೇಲೆ ಕೂತ ಹೊಸ ಕಲ್ಲಿನ ಮೇಲೆ.

ಇಳಿಯುವ ಮೊದಲು ಬೆಳ್ಳಿ ಕಾಲ್ಗೆಜ್ಜೆ ಇದ್ದರೆ ಬಿಚ್ಚಿಡಿ, ಕಪ್ಪಾಗುತ್ತದೆ. ಅದು ಮಾತ್ರ ಗಂಧಕದ್ದೇ ಕೆಲಸ.