ಕೋಮಾದಿಂದ ಎದ್ದವರು ಬೈಯುವುದೇಕೆ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ವಾರಗಟ್ಟಲೆ ಎಚ್ಚರ ತಪ್ಪಿ ಮಲಗಿದ್ದ ಮಗ ಕೊನೆಗೂ ಕಣ್ಣು ಬಿಡುತ್ತಾನೆ. ಆಮೇಲೆ ಮಾತೂ ಬರುತ್ತೆ. ಆದರೆ ಬರುವ ಮಾತೆಲ್ಲ ಬೈಗುಳ. ಅಮ್ಮನ ಮೇಲೆ ಕೈ ಎತ್ತುತ್ತಾನೆ, ಮೂಗಿನ ನಳಿಕೆ ಕಿತ್ತು ಹಾಕುತ್ತಾನೆ, ಈಗಷ್ಟೇ ಸಂತೆಗೆ ಹೋಗಿ ಬಂದೆ ಅನ್ನುತ್ತಾನೆ. ವಾರ್ಡಿನ ಹೊರಗೆ ಕೂತ ನೆಂಟರಲ್ಲಿ ಯಾರಾದರೊಬ್ಬರು "ಇದು ಗಾಳಿ ಸೋಕಿದ್ದೇ" ಅಂದುಬಿಡುತ್ತಾರೆ. ತಾಯತ ಬರುತ್ತೆ, ನಿಂಬೆಹಣ್ಣು ಬರುತ್ತೆ. ಇಂಥದ್ದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತೆ. ಯಾಕೆಂದರೆ ಪೆಟ್ಟು ತಿಂದ ಮೆದುಳು ಎಚ್ಚರಗೊಳ್ಳುವಾಗ ಹಾದುಹೋಗುವ ಹಂತ ಇದು. ಎಲ್ಲರಿಗೂ ಇಷ್ಟು ಜೋರಾಗಿ ಬರುವುದಿಲ್ಲ, ಆದರೆ ಬಂದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಮೆದುಳಿನ ಒಳಗೆ ಆಗಿರುವುದೇನು ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಮ್ಯೂಸಿಯಂನಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದು ಗಟ್ಟಿ ಅನಿಸುವುದು ಕೆಡದಂತೆ ಅದ್ದಿಡುವ ಫಾರ್ಮಲಿನ್ ದ್ರಾವಣದಿಂದ. ಜೀವಂತ ಮೆದುಳು ಬೆರಳೊತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿರುತ್ತೆ. ತಲೆ ಒಮ್ಮೆಲೇ ತಿರುಚಿಕೊಂಡಾಗ ಮೆದುಳಿನ ಭಾಗಗಳ ನಡುವೆ ಸಂಪರ್ಕ ಕೊಡುವ ಒಳಗಿನ ನರತಂತುಗಳು, ಅಂದರೆ ಆಕ್ಸಾನ್‌ಗಳು, ಎಳೆದಂತಾಗುತ್ತವೆ. ಹೋಳಿಗೆಯ ಕಣಕವನ್ನು ನಿಧಾನಕ್ಕೆ ಎಳೆದರೆ ಉದ್ದಕ್ಕೂ ಬರುತ್ತೆ, ಗಬಕ್ಕನೆ ಜಗ್ಗಿದರೆ ಹರಿಯುತ್ತೆ ಅಲ್ವಾ, ಆಕ್ಸಾನ್‌ಗಳ ಸ್ವಭಾವವೂ ಅದೇ. ಕುತೂಹಲದ ಸಂಗತಿಯೆಂದರೆ ಹೆಚ್ಚಿನವು ಆ ಕ್ಷಣದಲ್ಲೇ ಹರಿಯುವುದಿಲ್ಲ. ಮೊದಲು ಅವುಗಳ ಒಳಗಿನ ಸೂಕ್ಷ್ಮ ಕೊಳವೆಗಳು ಮುರಿಯುತ್ತವೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಆ ಕೊಳವೆಗಳ ಉದ್ದಕ್ಕೂ ಸಾಗಬೇಕಾದ ಪ್ರೋಟೀನುಗಳು ಅಲ್ಲೇ ಗುಡ್ಡೆ ಬೀಳುತ್ತವೆ, ತಂತು ಊದಿಕೊಳ್ಳುತ್ತೆ, ಕೆಲವು ಗಂಟೆ ಅಥವಾ ದಿನಗಳಾದ ಮೇಲೆ ತುಂಡಾಗುತ್ತೆ. ಈ ತಂತುಗಳು ಕೂದಲಿಗಿಂತ ಎಷ್ಟೋ ಸಪೂರ. ಸಿಟಿ ಸ್ಕ್ಯಾನ್‌ಗೆ ಇವು ಕಾಣುವುದಿಲ್ಲ. "ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ ಡಾಕ್ಟ್ರೇ, ಮತ್ಯಾಕೆ ಎದ್ದಿಲ್ಲ?" ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇದೇ.

ಹೀಗೆ ಸಂಪರ್ಕ ಕೆಟ್ಟಾಗ ಕಣ್ಣು ತೆರೆದರೂ ಹೊಸ ನೆನಪು ನಿಲ್ಲುವುದಿಲ್ಲ. 1930ರ ದಶಕದಲ್ಲೇ ಬ್ರಿಟನ್ನಿನ ನರವೈದ್ಯ ರಿಚಿ ರಸೆಲ್ ಈ ಮರೆವಿನ ಅವಧಿಯತ್ತ ಗಮನ ಸೆಳೆದರು. ಅದು ಎಷ್ಟು ಉದ್ದವೋ ಪೆಟ್ಟು ಅಷ್ಟು ದೊಡ್ಡದು ಅನ್ನುವ ಅವರ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಅದಕ್ಕೂ ಮೊದಲು, 1881ರಲ್ಲಿ, ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ ಇನ್ನೊಂದು ಮಾತು ಹೇಳಿದ್ದರು: ಹಳೆಯ ನೆನಪು ಗಟ್ಟಿ, ಹೊಸದು ಬೇಗ ಅಳಿಯುತ್ತೆ. ಅದಕ್ಕೇ ಅವನಿಗೆ ಬಾಲ್ಯದ ಮನೆ ನೆನಪಿದ್ದು, ಹೋದ ವರ್ಷ ಹುಟ್ಟಿದ ಮಗಳ ನೆನಪೇ ಇಲ್ಲದಿರಬಹುದು.

ಈಗ ಅವನ ಕಡೆಯಿಂದ ಯೋಚಿಸಿ. ಐದು ನಿಮಿಷಕ್ಕೊಮ್ಮೆ ಗೊತ್ತಿಲ್ಲದ ಕೋಣೆ. ಮೂಗಲ್ಲಿ ನಳಿಕೆ, ಕೈ ಕಟ್ಟಿದ್ದಾರೆ, ಸುತ್ತ ಹತ್ತು ಜನ. ಯಾಕೆ ಅಂತ ಹೇಳಿದ್ದು ತಲೆಯಲ್ಲಿ ಉಳಿದಿಲ್ಲ. ಸಿಟ್ಟನ್ನು ತಡೆಯುವ ಹಣೆಯ ಹಿಂದಿನ ಭಾಗಕ್ಕೂ ಪೆಟ್ಟಾಗಿದೆ. ಬೈಯದೆ ಇನ್ನೇನು ಮಾಡಿಯಾನು! ಸಂತೆಯ ಕಥೆಯೂ ಬೇಕಂತಲೇ ಹೇಳಿದ ಸುಳ್ಳಲ್ಲ, ನೆನಪಿನ ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಕೊಂಡಿದೆ. ವಾದಕ್ಕೆ ಇಳಿಯಬೇಡಿ, ಪರೀಕ್ಷೆಯನ್ನೂ ಮಾಡಬೇಡಿ. "ನಾನ್ಯಾರು ಹೇಳು ನೋಡೋಣ" ಅಂತ ಬಂದವರೆಲ್ಲ ಕೇಳುವುದು ದೊಡ್ಡ ಹಿಂಸೆ. ಒಂದು ಸಲಕ್ಕೆ ಒಬ್ಬರೇ ಇರಿ. ಮೊಬೈಲ್ ಆಫ್ ಮಾಡಿ. "ನಾನು ಅಮ್ಮ. ನೀನು ಆಸ್ಪತ್ರೆಯಲ್ಲಿದ್ದೀಯ. ಬೈಕಿಂದ ಬಿದ್ದಿದ್ದೆ. ಇವತ್ತು ಸೋಮವಾರ." ಇಷ್ಟನ್ನೇ ಮತ್ತೆ ಮತ್ತೆ ಮೆಲ್ಲಗೆ ಹೇಳಿ. ರಾತ್ರಿ ಕತ್ತಲಿರಲಿ, ನಿದ್ದೆ ಕೆಡಿಸಬೇಡಿ. ಹಾಗಂತ ಎಲ್ಲ ರೇಗಾಟಕ್ಕೂ ಇದೇ ಕಾರಣ ಅಂತ ಸುಮ್ನೆ ಕೂರಬೇಡಿ. ಮೂತ್ರ ಕಟ್ಟಿದ್ದರೂ, ಜ್ವರ ಬಂದರೂ, ರಕ್ತದಲ್ಲಿ ಸೋಡಿಯಂ ಇಳಿದರೂ ಹೀಗಾಗುತ್ತೆ. ಹೊಸದಾಗಿ ಶುರುವಾದರೆ ಸಿಸ್ಟರ್‌ಗೆ ತಕ್ಷಣ ಹೇಳಿ. ಒಂದು ಮಾತು ಅಮ್ಮಂದಿರಿಗೆ: ಈ ದಿನಗಳ ನೆನಪು ಅವನಿಗೆ ಮುಂದೆಯೂ ಸಾಮಾನ್ಯವಾಗಿ ಬರುವುದಿಲ್ಲ. ಆ ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ ಕೈ ಹಿಡಿಯುವುದರ ಬಗ್ಗೆ. ಅಂಗೈಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದುಕೊಂಡ, ಗುರುತು ಸಿಕ್ಕಿತು ಅಂತ ಮನೆಯವರು ಖುಷಿಪಡುತ್ತಾರೆ. ಎಳೆ ಮಗುವಿನಲ್ಲಿರುವ ಹಿಡಿತದ ಪ್ರತಿಕ್ರಿಯೆ ಮೆದುಳಿಗೆ ಪೆಟ್ಟಾದಾಗ ಮರಳಬಹುದು, ಅದಕ್ಕೆ ಅರಿವು ಬೇಕಿಲ್ಲ. "ಕೈ ಬಿಡು" ಅನ್ನಿ. ಹೇಳಿದಾಗ ಬಿಟ್ಟರೆ, ಮತ್ತೆ ಹೇಳಿದಾಗ ಹಿಡಿದರೆ, ಅದು ಲೆಕ್ಕಕ್ಕೆ ಬರುವ ಸುದ್ದಿ. 1974ರಲ್ಲಿ ಗ್ಲಾಸ್ಗೋದ ನರಶಸ್ತ್ರವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ, ಈಗ 3ರಿಂದ 15 ಅಂಕಗಳಲ್ಲಿ ಎಣಿಸುವ ಕೋಮಾ ಅಳತೆಯಲ್ಲಿ ಹೇಳಿದ್ದನ್ನು ಮಾಡುವುದಕ್ಕೇ ಚಲನೆಯ ಪೂರ್ತಿ 6 ಅಂಕ. ಆದರೆ ಮನೆಯಲ್ಲಿ ತುಳುವೋ ಉರ್ದುವೋ ಆಡುವವನಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಅಂಕ ಹೇಗೆ ಬಂದೀತು? ಮನೆಮಾತು ಯಾವುದೆಂದು ಡಾಕ್ಟರಿಗೆ ನೀವೇ ತಿಳಿಸಿ, ಬೇಕಿದ್ದರೆ ಪಕ್ಕದಲ್ಲಿ ನಿಂತು ಹೇಳಿಕೊಡಿ.

ದಯವಿಟ್ಟು ಕದ್ದುಮುಚ್ಚಿ ಚಮಚದಲ್ಲಿ ತೀರ್ಥ, ಎಳನೀರು ಕುಡಿಸಬೇಡಿ. ನುಂಗುವ ಹತೋಟಿ ಇನ್ನೂ ಬಂದಿರುವುದಿಲ್ಲ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಅಷ್ಟು ದೂರ ಬಂದವನು ಅದರಿಂದ ಹೋಗಿಬಿಡಬಹುದು. ತೀರ್ಥವನ್ನು ಹಣೆಗೆ ಹಚ್ಚಿ ಸಾಕು. ಬಾಯಿಗೆ ಏನನ್ನು ಯಾವಾಗ ಕೊಡಬೇಕು ಅನ್ನುವುದನ್ನು ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹೇಳುತ್ತಾರೆ.

ಮರೆವಿನ ಹಂತ ಮುಗಿಯಿತು ಅಂತ ಒಂದು ದಿನದ ಸರಿ ಉತ್ತರದಿಂದ ತೀರ್ಮಾನಿಸುವುದಿಲ್ಲ. ಆಸ್ಟ್ರೇಲಿಯಾದ ವೆಸ್ಟ್‌ಮೀಡ್ ಪರೀಕ್ಷೆಯಲ್ಲಿ ಇವತ್ತು ಚಿತ್ರ ತೋರಿಸಿ ನಾಳೆ ಕೇಳುತ್ತಾರೆ, ಸತತ ಮೂರು ದಿನ ಪೂರ್ತಿ ಅಂಕ ಬರಬೇಕು. ಮನೆಗೆ ಬಂದ ಮೇಲೂ ಬೇಗ ಸುಸ್ತಾಗುವುದು, ಸಣ್ಣದಕ್ಕೂ ರೇಗುವುದು ತಿಂಗಳುಗಟ್ಟಲೆ ಇರಬಹುದು. ಬೈಕಿನ ಕೀ ಕೊಡಬೇಡಿ. ಹರಕೆ ಇದ್ದರೆ ತೀರಿಸಿ ಬನ್ನಿ, ಆದರೆ ಫಿಟ್ಸ್‌ಗೆ ಮಾತ್ರೆ ಕೊಟ್ಟಿದ್ದರೆ ಡಾಕ್ಟರ್ ಹೇಳುವ ತನಕ ಒಂದು ಹೊತ್ತೂ ತಪ್ಪಿಸಬೇಡಿ.