ಕಾವೇರಿಯ ಮಹಶೀರ್: ಲೆಕ್ಕ ಏರಿದ ಕಾಲದಲ್ಲೇ ಇಳಿದ ಡುಬ್ಬದ ಮೀನು

ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಹೊಳೆಮೀನು ಹೆಚ್ಚಿದೆಯೋ, ಅಳಿಯುತ್ತಿದೆಯೋ? ಮಳವಳ್ಳಿ ತಾಲೂಕಿನ ಮುತ್ತತ್ತಿ, ಭೀಮೇಶ್ವರಿ ಕಡೆ ಎರಡು ಉತ್ತರವೂ ಸಿಗುತ್ತದೆ. ಎರಡೂ ನಿಜ. ಏಕೆಂದರೆ ಹೊಳೆಯಲ್ಲಿರುವುದು ಎರಡು ಬಗೆಯ ಮಹಶೀರ್. ಬೆನ್ನ ಮೇಲೆ ಡುಬ್ಬ ಎದ್ದ, ಕಿತ್ತಳೆ ರೆಕ್ಕೆಯದು ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೀಲಿ ರೆಕ್ಕೆಯದು ಕೃಷ್ಣಾ ಸೀಮೆಯಿಂದ ಬಂದದ್ದು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು (ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತ ಕಾಣುವಂತೆ ನಿಲ್ಲಿಸುತ್ತಿದ್ದವರು ಇವರೇ) ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದರು. ಮುಂದಿನ ದಶಕಗಳು ಅಣೆಕಟ್ಟು, ಸಿಡಿಮದ್ದು, ಸಣ್ಣ ಕಣ್ಣಿನ ಬಲೆಗಳಲ್ಲಿ ಕಳೆದವು.

ಅದಕ್ಕೆ ಕಂಡ ಮದ್ದು ಮರಿ ಬಿತ್ತನೆ. ಮಹಾರಾಷ್ಟ್ರದ ಲೋನಾವಳದಲ್ಲಿ ಬಲಿತ ಹೆಣ್ಣಿನ ಹೊಟ್ಟೆ ಒತ್ತಿ ಒಣ ತಟ್ಟೆಗೆ ಮೊಟ್ಟೆ ಇಳಿಸಿ, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನಲ್ಲಿ ಮರಿ ಮಾಡಿಸುತ್ತಿದ್ದರು. ಅವು ನೀಲಿ ರೆಕ್ಕೆಯ ಮರಿಗಳು. ಸಿಗುತ್ತಿದ್ದುದು ಅದೇ, ಕಾವೇರಿಗೆ ಬಿದ್ದದ್ದೂ ಅದೇ.

ಆದದ್ದೇನೆಂದು ತೋರಿಸಿದ್ದು ಭೀಮೇಶ್ವರಿಗಿಂತ ಕೆಳಗಿನ ಗಾಳಿಬೋರೆಯ ಗಾಳದ ಮೀನುಗಾರಿಕೆ ಶಿಬಿರದ ದಾಖಲೆ. ಗಾಳದ ಹವ್ಯಾಸಿಗಳು ಹೊರಗಿನಿಂದ ಬರುತ್ತಿದ್ದರು. ಮಡು ಯಾವುದು, ಸೆಳವು ಎಲ್ಲಿ ಎಂದು ಬಲ್ಲವರು ಹೊಳೆದಂಡೆಯ ಊರವರು. ಗಾಳಕ್ಕೆ ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ. ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗೆ 23,620 ಗಂಟೆಗಳಲ್ಲಿ 6,161 ಮೀನು, ಅರ್ಧ ಕಿಲೋಗಿಂತ ಕಡಿಮೆಯದರಿಂದ 46.8 ಕಿಲೋವರೆಗೆ. ವಿಜ್ಞಾನಿಗಳು ಲೆಕ್ಕ ಹಾಕಿದಾಗ ಗಂಟೆಗೆ ಸಿಗುವ ಮೀನು ಹೆಚ್ಚಿತ್ತು, ಸರಾಸರಿ ತೂಕ ಇಳಿದಿತ್ತು. ಕಳ್ಳಬೇಟೆ ತಗ್ಗಿ ಮರಿಗಳು ಬದುಕುತ್ತಿವೆ ಎಂದು ಅರ್ಥ, ಸಂತೋಷದ ಸುದ್ದಿಯೇ. ಬಗೆ ಬೇರ್ಪಡಿಸಿ ನೋಡಿದರೆ ಕಥೆ ತಿರುಗಿತು. ಹೆಚ್ಚಿದ್ದು ನೀಲಿ ರೆಕ್ಕೆಯದು. ಡುಬ್ಬದ ಮೀನು ಕಡಿಮೆಯಾಗುತ್ತಾ ಬಂದು, ಕೊನೆಗೆ ದೊಡ್ಡವಷ್ಟೇ ಸಿಗುತ್ತಿದ್ದವು. ಮಕ್ಕಳೇ ಹುಟ್ಟದ ಊರಿನಂತೆ. ಒಟ್ಟು ಮೊತ್ತವನ್ನಷ್ಟೇ ನೋಡುವ ಅಭ್ಯಾಸಕ್ಕೆ ಇದು ಕಾಣುವಂತಿರಲಿಲ್ಲ.

ಮಹಶೀರ್ ಮೊಟ್ಟೆಗೆ ಹರಿವ ನೀರು, ಹೂಳಿಲ್ಲದ ಜಲ್ಲಿ ಬೇಕು. ಮರಳೆತ್ತಿದ ಕಡೆ ಮೊಟ್ಟೆ ಕೆಸರಲ್ಲಿ ಉಸಿರುಗಟ್ಟುತ್ತದೆ. ಅಣೆಕಟ್ಟಿನ ಗೇಟು ಮುಚ್ಚಿ ನೀರು ತಟ್ಟನೆ ಇಳಿದರೆ ಒಣಗುತ್ತದೆ.

ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಓದಿನಿಂದ ಶಿಬಿರಗಳ ಮೀನುಗಾರಿಕೆ ನಿಂತಿತು. ದಾಖಲೆ ಪುಸ್ತಕವೂ ಅದರ ಜೊತೆಗೇ ಮುಚ್ಚಿತು. ಇದನ್ನು ಲಾಭದ ಪಟ್ಟಿಗೆ ಸೇರಿಸುವುದು ಕಷ್ಟ. ಅಷ್ಟರಲ್ಲೂ ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರಿರಲಿಲ್ಲ. ಕಾವೇರಿ ಕಣಿವೆಯದೇ ಆದ ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ, ಅಳಿವಿನಂಚಿನ ಜೀವಿಗಳನ್ನು ಪಟ್ಟಿಮಾಡುವ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ‘ತೀವ್ರ ಅಪಾಯ’ದ ವರ್ಗಕ್ಕೆ ಸೇರಿತು.

ಮರಿ ಬಿಡುವ ಕಾರ್ಯಕ್ರಮಗಳಿಗೆ ಇನ್ನು ಜಾತಿ ಪರೀಕ್ಷೆ ಮೊದಲಾಗಬೇಕು. ತಾಯಿಮೀನಿನ ರೆಕ್ಕೆಯ ತುದಿಯಿಂದ ಚೂರೊಂದನ್ನು ಕತ್ತರಿಸಿ ಆಲ್ಕೋಹಾಲ್‌ನಲ್ಲಿಟ್ಟರೆ ಡಿಎನ್‌ಎ ಪರೀಕ್ಷೆಗೆ ಸಾಕು. ಫಾರ್ಮಲಿನ್‌ನಲ್ಲಿಟ್ಟರೆ ಡಿಎನ್‌ಎ ಕೆಡುತ್ತದೆ.